ಒಂದೇ ಕಾಲಿನ ಹೂವು

ಬಿತೊಮ್ ಊರಿಂದ ಸಮುದ್ರಕ್ಕೆ ಐನೂರು ಕಿಲೋಮೀಟರ್.
ನಮ್ಮ ನೆಲದಡಿ ಇರುವುದು ಕಲ್ಲಿದ್ದಲು.
ಗಣಿ ಮುಚ್ಚಿದ ವಾರವೇ ಅಲೊಯ್ಜ್
ಗಾಜಿನ ತೊಟ್ಟಿ ತಂದು ಅಡುಗೆಮನೆ ಗೋಡೆಗೆ ಆನಿಸಿದ,
ಚೀಲದಿಂದ ಉಪ್ಪು ಸುರಿದ, ಅಳೆದ, ಮತ್ತೆ ಸುರಿದ.
ಸೂಪಿಗೆ ಉಪ್ಪು ಸಾಲದೆಂದು ಮೂವತ್ತು ವರ್ಷ ಗೊಣಗಿದವನು
ಉಪ್ಪು ಹೆಚ್ಚಾಯಿತೆಂದು ಮೊದಲ ಸಲ ಬೆವತ.

ಅಂಗಡಿಯ ಕೊರ್ನೆಲಿಯಾ ಕಡಲಹೂ ಕೊಡಲೇ ಇಲ್ಲ.
"ಒಂದು ವರ್ಷ ಬರೀ ನೀರು ಸಾಕಿ.
ನೀರು ಮಾಗಲಿ, ಆಮೇಲೆ ಬನ್ನಿ."
ನೀರು ಸಾಕುವುದು!
ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು:
ಕಲ್ಲು, ಮರಳು, ಕಂದು ಪಾಚಿ, ಗುಳ್ಳೆ.
"ಏನಿದೆ ಇದರಲ್ಲಿ, ತ್ರೂದಾ?"
"ಬರುತ್ತೆ" ಅನ್ನುತ್ತಿದ್ದೆ, ಬಸುರಿಯ ಅತ್ತೆಯ ಹಾಗೆ.

ಆರಿಸಲು ನಾನೂ ಹೋದೆ.
ಬೆಳ್ಳಗಿನದೊಂದು ಕಣ್ಣಿಗೆ ಬಿತ್ತು,
ಹಾಲಲ್ಲಿ ಅದ್ದಿ ತೆಗೆದ ಹಾಗೆ.
"ಅದು ಚಂದವಲ್ಲ, ಹಸಿವು" ಎಂದಳು ಕೊರ್ನೆಲಿಯಾ.
ಬಾಯಿ ಬಿಗಿದಿರಬೇಕು. ಪಾದ ಹರಿದಿರಬಾರದು.
ಮುಟ್ಟಿದರೆ ಅಂಟಬೇಕು, ಅಂಟಿ ಮುದುಡಬೇಕು.
ಅಲೊಯ್ಜ್ ಒಂದೊಂದರ ಬಾಯಿಯನ್ನೂ ನೋಡಿದ
ಕುದುರೆ ಕೊಳ್ಳುವವನ ಹಾಗೆ,
ಕೊನೆಗೆ ಮೂಲೆಯಲ್ಲಿ ಕೂತಿದ್ದ, ಕಂದು ಮೈಯ,
ಬೆರಳ ತುದಿಯಲ್ಲಷ್ಟೇ ನಸುಗೆಂಪು ಗುಳ್ಳೆಯ,
ಯಾರೂ ಬೆಲೆ ಕೇಳದ ಒಂದನ್ನು ತಂದ.

ಮೂರು ಗಂಟೆ ಹನಿ ಹನಿಯಾಗಿ ನಮ್ಮ ನೀರಿಗೆ ಒಗ್ಗಿಸಿ
ತಾನೇ ಕೆತ್ತಿದ ಬಿರುಕಿನಲ್ಲಿ ಕೂರಿಸಿದ.
ಬೆಳಿಗ್ಗೆ ಬಿರುಕು ಖಾಲಿ.

ಹೂವಿಗೆ ಕಾಲಿದೆಯೆಂದು ನನಗಾರೂ ಹೇಳಿರಲಿಲ್ಲ.
ಒಂದೇ ಕಾಲು. ರಾತ್ರಿಯಿಡೀ ಅದರಲ್ಲೇ ನಡೆದು
ಪಂಪಿನ ಬಾಯಿಗೆ ಇನ್ನೊಂದು ಗೇಣು.
ಅವನು ಪಂಪಿಗೆ ಸ್ಪಂಜು ಕಟ್ಟಿದ, ಬೈದ, ಬೇಡಿಕೊಂಡ.
ಅದು ಗಾಜು ಹತ್ತಿತು, ಇಳಿಯಿತು,
ಬಂಡೆಯ ಹಿಂದೆ ನಾಲ್ಕು ದಿನ ಮುಖ ತೋರಿಸಲಿಲ್ಲ.
ಐದನೆಯ ದಿನ ನೋಡಿದರೆ
ನನ್ನ ಒಲೆಯ ಕಡೆಯ ಮೂಲೆಯಲ್ಲಿ ಅರಳಿ ಕೂತಿದೆ,
ಅವನ ಕುರ್ಚಿಗೆ ಬೆನ್ನು.
ನಾನೇನೂ ಹೇಳಲಿಲ್ಲ. ಸೂಪು ಕಲಕುತ್ತ ನಕ್ಕೆ, ಅಷ್ಟೇ.

ಜನವರಿಯ ಒಂದು ರಾತ್ರಿ ಹಿಮದ ಭಾರಕ್ಕೆ ತಂತಿ ಹರಿದು
ಬೀದಿಯೆಲ್ಲ ಕತ್ತಲು. ಪಂಪು ನಿಂತಿತು.
ನಾನು ಕಂಡೇ ಇರದ ಗಂಡಸೊಬ್ಬ ಹಾಸಿಗೆಯಿಂದೆದ್ದ.
ದೀಪವಿಲ್ಲದೆ ನಡೆದ, ಯಾವುದಕ್ಕೂ ಎಡವಲಿಲ್ಲ,
ಬ್ಯಾಟರಿಯ ಗಾಳಿಪೆಟ್ಟಿಗೆ ಹುಡುಕಿ ಕೊಳವೆ ಇಳಿಬಿಟ್ಟ,
ತೊಟ್ಟಿಗೆ ನನ್ನ ಕಂಬಳಿ ಹೊದಿಸಿದ.
ಗುಳ್ಳೆಗಳ ಸದ್ದಿನ ಪಕ್ಕ ಕೂತು
ಕತ್ತಲಿಗೆ ಹೇಳಿದ, ನನಗಲ್ಲ:
"ಕೆಳಗೆ ಮೊದಲು ತಿಳಿಯುವುದು ಫ್ಯಾನಿನ ಸದ್ದು ನಿಂತದ್ದು.
ಆಮೇಲೆ ಯಾರೂ ಮಾತಾಡುವುದಿಲ್ಲ. ಮಾತೂ ಗಾಳಿ ತಿನ್ನುತ್ತೆ.
ಏಳು ಗಂಟೆ.
ಹೆನ್ರಿಕ್ ಒಬ್ಬನೇ ಎಣಿಸುತ್ತಿದ್ದ. ಆಮೇಲೆ ಅವನೂ ಇಲ್ಲ."
ಮದುವೆಯಾಗಿ ಮೂವತ್ತೊಂದು ವರ್ಷ.
ಯಾವ ಏಳು ಗಂಟೆ ಎಂದು ನಾನು ಕೇಳಲಿಲ್ಲ.
ಬ್ಯಾಟರಿ ಬದಲಿಸುವ ಸರದಿ ಹಂಚಿಕೊಂಡೆವು.

ಏಪ್ರಿಲಿನಲ್ಲಿ ಅದು ಎರಡಾಯಿತು.
ಪಾದದ ಒಂದಂಚು ಒಲೆಯ ಕಡೆ, ಇನ್ನೊಂದು ಕುರ್ಚಿಯ ಕಡೆ ಎಳೆದು
ನಡುವೆ ನಾದಿದ ಹಿಟ್ಟಿನಂತೆ ತೆಳುವಾಗಿ, ಇನ್ನೂ ತೆಳುವಾಗಿ
ಮಧ್ಯಾಹ್ನದ ಹೊತ್ತಿಗೆ ಹರಿಯಿತು.
"ಹಳೆಯದು ಯಾವುದು?"
"ಎರಡೂ" ಅಂದ.
ಒಂದಕ್ಕೆ ಒಂದು ಚೀಲ ಉಪ್ಪು ಕೊಡುತ್ತಾಳಂತೆ ಕೊರ್ನೆಲಿಯಾ.
ಅವನಿನ್ನೂ ಲೆಕ್ಕ ಹಾಕುತ್ತಿದ್ದಾನೆ.

ನಿನ್ನೆ ಅವನು ಬ್ರೆಡ್ ತರಲು ಹೋದಾಗ
ಕೈ ತೊಳೆದು (ಸೋಪಿಲ್ಲದೆ, ಅದು ಅವನ ಕಾನೂನು)
ಒಂದು ಬೆರಳು ಇಳಿಸಿದೆ.
ಅಂಟಿತು.
ಅದು ಕುಟುಕುವುದಂತೆ. ನನ್ನ ಚರ್ಮ ದಪ್ಪ, ತಿಳಿಯುವುದಿಲ್ಲ.
ಆಲೂಗಡ್ಡೆ ತಳ ಹಿಡಿದ ವಾಸನೆ ಬಂದ ಮೇಲೂ
ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.